ಹೆಪ್ಪುರಾಜಿ

ಸುಗಟೂರು
ಭಾನುವಾರ, 16 ನವೆಂಬರ್ 2025

ನಂಗಲಿ ಹೆದ್ದಾರಿಯ ಸಕಲ ಲಾರಿಗಳಿಗೂ ಟಾರ್ಪಾಲು ಹೊಲಿದು ಮಾನ ಕಾಪಾಡುತ್ತಿರುವ ಅಮ್ಜದ್ ಸಾಹೇಬರ ಸನ್ನಿಧಾನಕ್ಕೆ,

ಆಂಜಿ ಮಾಡುವ ಸಲಾಮು. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮಿ ಹೇಗಿದ್ದಾರೆ? ಈ ಕಾಗದ ಹತ್ತು ತಿಂಗಳು ತಡವಾಯಿತು, ಕ್ಷಮಿಸು. ಸನ್ನಿಧಾನವು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಹಳೆಯ ಕಾಲದವರಂತೆ ಪೆನ್ನು ಹಿಡಿದಿದ್ದೇನೆ.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅಬ್ಬಾ ಕುಸಿದು ಬಿದ್ದ ದಿನ ನೀನು ಮಾಡಿದ ಫೋನನ್ನು ನಾನು ತಮಾಷೆ ಅಂದುಕೊಂಡೆ. ಅಬ್ಬಾ ಹೋಗಿಬಿಟ್ಟರು. ಅವತ್ತಿನಿಂದ ನಮಗೆ ಮಾತಿಲ್ಲ. ಆ ಮಾತು ವಾಪಸ್ ಬೇಕು ಅಂತಲೇ ಬರೆಯುತ್ತಿದ್ದೇನೆ. ಆದರೆ ಮೊದಲು ಸುದ್ದಿ ಕೇಳು. ಇದನ್ನು ಹೇಳಲು ನಿನ್ನನ್ನು ಬಿಟ್ಟರೆ ನನಗೆ ಭೂಮಿಯ ಮೇಲೆ ಇನ್ನೊಬ್ಬನಿಲ್ಲ.

ಮೊನ್ನೆ ಕೋಲಾರದಲ್ಲಿ ಸಮಾಜಶಾಸ್ತ್ರಜ್ಞರ ಪ್ರಾದೇಶಿಕ ಸಮ್ಮೇಳನ ನಡೆಯಿತು. ಎಂ.ಎ. ಓದುವ ನಮ್ಮನ್ನೆಲ್ಲ ಸ್ವಯಂಸೇವಕರನ್ನಾಗಿ ಮಾಡಿದ್ದರು. ನನಗೆ ಸಿಕ್ಕ ಮಹಾಪದವಿ, ಪ್ರಶ್ನೆ ಕೇಳುವವರ ಬಳಿಗೆ ಮೈಕು ಹಿಡಿದು ಓಡುವುದು. ಅದಕ್ಕೆ ತಕ್ಕಂತೆ ಬ್ಯಾಡ್ಜಿನಲ್ಲಿ ಹೆಸರಿನ ಮುಂದೆ ‘ಡಾ.’ ಸೇರಿಸಿಕೊಂಡಿದ್ದೆ. ಮಾಲೂರಿನ ಮೇಷ್ಟರೊಬ್ಬರು ಎದ್ದು ನಿಂತು ನಮಸ್ಕರಿಸಿದರು. ಆಶೀರ್ವದಿಸಿದೆ.

ಮಧ್ಯಾಹ್ನದ ಗೋಷ್ಠಿಗೆ ವೇದಿಕೆ ಹತ್ತಿದವರು ಯಾರು ಗೊತ್ತೇ? ಸುನಂದ ಮೇಡಂ. ಆರು ವರ್ಷದ ಹಿಂದೆ, ನೀವಿನ್ನೂ ನಮ್ಮ ಹಿಂದಿನ ಬೀದಿಯಲ್ಲಿದ್ದಾಗ, ನೋಟ್‌ಬುಕ್ ಹಿಡಿದು ಬಂದು “ನಿಮ್ಮೂರಲ್ಲಿ ಜಗಳ ಆದ್ರೆ ಹೇಗಪ್ಪಾ ಸರಿಹೋಗುತ್ತೆ?” ಅಂತ ಕೇಳಿದ್ದರಲ್ಲ, ಅವರೇ. ಹಿಂದಿನ ಪರದೆಯ ಮೇಲೆ ಒಂದೇ ಒಂದು ಪದ: ಹೆಪ್ಪುರಾಜಿ.

ನಮ್ಮ ಪದ! ಡೈರಿ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ಹೊಸೆದ ಸುಳ್ಳು. ಹೆಪ್ಪು ನನ್ನದು, ರಾಜಿ ನಿನ್ನದು. ‘ಮಾತು ಬಿಟ್ಟವರ ಮನೆಗೆ ಖಾಲಿ ಲೋಟ ಕಳಿಸಬೇಕು ಮೇಡಂ. ಅವರು ತುಟಿ ಬಿಚ್ಚದೆ ಒಂದು ಚಮಚ ಮೊಸರು ಹಾಕಿಕೊಡಬೇಕು. ಆ ಹೆಪ್ಪಿಗೆ ಇವರ ಮನೆಯ ಹಾಲು ಮೊಸರಾದರೆ ರಾಜಿ’ ಅಂತ ನೀನು ಎಷ್ಟು ಗಂಭೀರವಾಗಿ ಹೇಳಿದ್ದೆ! ನಾನು ನಗು ತಡೆಯಲಾರದೆ ಹಸುವಿನ ಹಿಂದೆ ಅವಿತುಕೊಂಡಿದ್ದೆ.

ಮುಳಬಾಗಿಲಿನ ಉಮಾಶಂಕರ್ ಎಂಬ ಹಿರಿಯ ಪ್ರಾಧ್ಯಾಪಕರು ಎದ್ದರು. ಓಡಿಹೋಗಿ ಮೈಕು ಕೊಟ್ಟೆ.

“ಅಲ್ಲಮ್ಮಾ, ನಾನು ಹುಟ್ಟಿದಾಗಿನಿಂದ ಈ ಜಿಲ್ಲೆಲೇ ಇದೀನಿ. ಈ ಪದ ನನ್ನ ಕಿವಿಗೇ ಬಿದ್ದಿಲ್ವಲ್ಲ?”

“ಬಿದ್ದಿರೋಕೆ ಸಾಧ್ಯವಿಲ್ಲ ಸರ್. ಇದಕ್ಕೆ ಆರೇ ವರ್ಷ. ಇಬ್ಬರು ಹುಡುಗರು ನನಗೆ ಹೇಳಿದ ಸುಳ್ಳು ಇದು.”

ಸಭೆ ಗೊಳ್ಳೆಂದಿತು. ಮೇಡಂ ನಗಲಿಲ್ಲ. ನಮ್ಮ ಮಾತನ್ನು ನಂಬಿ ಅವರು ಮನೆಮನೆಗೂ ಹೋಗಿ ಲೋಟದ ಪದ್ಧತಿಯನ್ನೆಲ್ಲ ವಿವರಿಸಿ ‘ನಿಮ್ಮಲ್ಲಿ ಹೆಪ್ಪುರಾಜಿ ಇದೆಯಾ?’ ಅಂತ ವಿಚಾರಿಸಿದರಂತೆ. ಯಾರೂ ಹೂಂ ಅನ್ನಲಿಲ್ಲ. ನಾಚಿಕೆಯಾಗಿ ಊರು ಬಿಟ್ಟರು. ಮೂರು ವರ್ಷದ ಮೇಲೆ ಬೇರೆ ಕೆಲಸಕ್ಕೆ ಬಂದಾಗ ನೋಡಿದರೆ, ಹನ್ನೊಂದು ಮನೆಗಳಲ್ಲಿ ಲೋಟ ಓಡಾಡಿತ್ತು! ಅವರ ಪ್ರಶ್ನೆಯೇ ಬೀಜವಾಗಿತ್ತು. ಆಮೇಲೆ ರೆಕಾರ್ಡ್ ಮಾಡಿಕೊಂಡಿದ್ದ ಒಂದು ಧ್ವನಿ ಕೇಳಿಸಿದರು.

“ಹೆಪ್ಪುರಾಜಿನಾ? ನಮ್ಮತ್ತೆ ಕಾಲದಿಂದ್ಲೂ ಐತಮ್ಮಾ!”

ಭಾರತಮ್ಮ. ಸಾಕ್ಷಾತ್ ನಮ್ಮಜ್ಜಿ! ಇನ್ನೂರು ವಿದ್ವಾಂಸರು ಉಸಿರು ಬಿಗಿಹಿಡಿದು ಅವಳ ಸುಳ್ಳನ್ನು ಕೇಳುತ್ತಿದ್ದರು. ನಾವು ಗಾಳಿಯಲ್ಲಿ ಬಿಟ್ಟ ಮಾತಿನಿಂದ ಮನೆಗಳ ಬಾಗಿಲು ತೆರೆದಿದ್ದವು.

“ಆ ಹುಡುಗರು ಸಿಕ್ಕಿದರೆ ಕೈ ಮುಗಿಯಬೇಕು,” ಅಂದರು ಮೇಡಂ. ಮೈಕು ನನ್ನ ಕೈಯಲ್ಲೇ ಇತ್ತು. ಬ್ಯಾಡ್ಜು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಮನೆಗೆ ಬಂದವನೇ ಅಜ್ಜಿಯನ್ನು ಹಿಡಿದೆ. ಅವಳಿಗೂ ಎದುರು ಮನೆ ಶಾಮಲಮ್ಮನಿಗೂ, ಹಸು ಹಿಪ್ಪುನೇರಳೆ ಸೊಪ್ಪು ಮೇಯ್ದ ವಿಚಾರಕ್ಕೆ, ಏಳು ವರ್ಷ ಮಾತಿರಲಿಲ್ಲವಲ್ಲ!

“ಅಜ್ಜಿ, ಅತ್ತೆ ಕಾಲದ್ದು ಅಂತ ಯಾಕೆ ಸುಳ್ಳು ಹೇಳ್ದೆ?”

“ನೀನು ಹೇಳಿದ್ದು ನಿಜವೇನ್ಲಾ? ನಾನಾಗೇ ಹೋಗಿ ಅವಳನ್ನ ಮಾತಾಡ್ಸೋಕೆ ನಾಚ್ಕೆ ಆಗ್ತಿತ್ತು. ಹಿಂದಿನೋರ ಪದ್ಧತಿ ಅಂದ್ರೆ ನಾಚ್ಕೆ ಇಲ್ಲ ನೋಡು.”

“ಶಾಮಲಮ್ಮ ಏನಂದ್ಲು?”

“ಏಮೀ ಲೇದು, ಏನೂ ಅನ್ಲಿಲ್ಲ. ಎರಡು ಚಮಚ ಹಾಕಿದ್ಲು.”

ಆದ್ದರಿಂದ, ಅಮ್ಜದ್, ಟೊಮೆಟೊ ಲಾರಿಯ ಭೀಮರಾಜಣ್ಣನ ಕೈಯಲ್ಲಿ ಈ ಕಾಗದದ ಜೊತೆ ಒಂದು ಖಾಲಿ ಲೋಟವೂ ಬರುತ್ತಿದೆ. ನಮ್ಮತ್ತೆಯ ಕಾಲದ ಪದ್ಧತಿ. ನೀನು ಮಾತಾಡಬೇಕಾಗಿಲ್ಲ. ಹಾಲು ಕಾಯಿಸಿ ಇಟ್ಟಿರುತ್ತೇನೆ.

ಅಮ್ಮಿಯ ಮೊಣಕಾಲು ನೋವು ಕಡಿಮೆಯಾಗಲಿ. ನಿನ್ನ ಸೂಜಿ ಮುರಿಯದಿರಲಿ. ಅಜ್ಜಿ ನಿನ್ನ ತಲೆ ಮೇಲೆ ಕೈಯಿಟ್ಟೆನೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಆಂಜಿ
(ಡಾ. ಅಲ್ಲ)

ತಾ.ಕ.: ಒಂದು ಸುಳ್ಳು ಉಳಿದಿದೆ. ಅವತ್ತಿನ ಫೋನು ತಮಾಷೆ ಅಂದುಕೊಂಡೆ ಅಂತ ಊರಿಗೆಲ್ಲ ಹೇಳಿದೆ, ಮೇಲೆಯೂ ಬರೆದೆ. ಅದು ನಿಜವಲ್ಲ. “ಅಬ್ಬಾ ಬಿದ್ದೋದ್ರು, ವ್ಯಾನ್ ತಗೊಂಡು ಬಾ ಆಂಜಿ” ಅಂದೆ ನೀನು. ‘ಲೇ’ ಅನ್ನಲಿಲ್ಲ. ‘ಲೇ’ ಇಲ್ಲದೆ ನೀನು ನನ್ನನ್ನು ಕರೆದದ್ದೇ ಇಲ್ಲ. ತಮಾಷೆಯಲ್ಲವೆಂದು ಆ ಕ್ಷಣವೇ ನನಗೆ ಗೊತ್ತಾಯಿತು. ವ್ಯಾನ್ ಸಮೇತ ಐದೇ ನಿಮಿಷದ ದಾರಿಯಲ್ಲಿದ್ದೆ. ಹೆದರಿಕೆಯಾಯಿತು. ನಕ್ಕು ಫೋನಿಟ್ಟೆ. ಲೋಟ ಖಾಲಿಯೇ ವಾಪಸ್ ಬಂದರೆ ನನ್ನ ದೂರಿಲ್ಲ. ಕೊನೇಪಕ್ಷ ಒಂದು ಚೀಟಿಯಲ್ಲಿ ‘ಲೇ’ ಅಂತ ಬರೆದು ಅದರೊಳಗೆ ಹಾಕು. ಅದಕ್ಕಿಂತ ದೊಡ್ಡ ಹೆಪ್ಪು ನನಗೆ ಬೇಡ.