ಅಮ್ಮನ ಕೋಣೆಗೆ ಎರಡು ರೇಡಿಯೇಟರ್

ಮಾಧವರಂ, ಚೆನ್ನೈ
೧೬ ಮೇ ೨೦೨೫

ಚಿ. ಪ್ರಣಮ್ಯಾಳಿಗೆ,

ವಿಶ್ವನಾಥ ಮಾಮನ ಮನಃಪೂರ್ವಕ ಆಶೀರ್ವಾದಗಳು. ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ವೇಲಚೇರಿಯ ಮನೆಯಲ್ಲಿ ನಿನ್ನ ಅಮ್ಮನೂ ಚಿಕ್ಕಮ್ಮ ಸುಮತಿಯೂ ಕ್ಷೇಮ. ಹೈದರಾಬಾದಿನ ಸ್ಟುಡಿಯೋದಲ್ಲಿ ನಿನ್ನ ಕೆಲಸವನ್ನು ಎಲ್ಲರೂ ಮೆಚ್ಚಿದರೆಂದೂ ಊಟ ಮಾತ್ರ ವಿಪರೀತ ಖಾರವೆಂದೂ ಸುಮತಿಯಿಂದ ತಿಳಿಯಿತು. ಈ ಕಾಗದವನ್ನು ಎಂದೋ ಬರೆಯಬೇಕಾಗಿತ್ತು, ತಡವಾಯಿತು, ಕ್ಷಮಿಸು. ರೇಡಿಯೇಟರ್ ಯಾವುದೆಂದು ನಿರ್ಧಾರವಾಯಿತೇ ಎಂದು ನೀನು ಫೋನ್ ಮಾಡಿದಾಗಲೆಲ್ಲ ನಾನು "ಬರೆಯುತ್ತೇನಮ್ಮ, ಬರೆಯುತ್ತೇನೆ" ಎಂದು ಮಾತು ಮುಗಿಸಿದೆ. ಇಂಥ ವಿಷಯವನ್ನು ಕಾಗದದಲ್ಲಿ ಸಾವಧಾನವಾಗಿ ಹೇಳಬೇಕು ಎಂಬುದು ನಾನು ಕೊಟ್ಟ ಕಾರಣ. ಈ ಕಾಲದಲ್ಲಿ ಕಾಗದವೇ ಎಂದು ನೀನು ನಕ್ಕೆಯಂತೆ. ಅದನ್ನೂ ಸುಮತಿಯೇ ಹೇಳಿದರು.

ನೀನು ಒಪ್ಪಿಸಿದ ಈ ಕೆಲಸವನ್ನು ಮೊದಲ ದಿನದಿಂದಲೂ ನಾನು ಅಂಜುತ್ತಲೇ ಮಾಡಿದ್ದೇನೆ. ಡೀಸೆಲ್ ಶೆಡ್ಡಿನಲ್ಲಿ ರೈಲು ಇಂಜಿನ್ನುಗಳ ರೇಡಿಯೇಟರ್ ಬಿಚ್ಚಿ ಜೋಡಿಸುತ್ತಲೇ ನಿವೃತ್ತರಾದವರಿಗೆ ಕಂಪ್ಯೂಟರಿನ ರೇಡಿಯೇಟರ್ ಯಾವ ದೊಡ್ಡ ವಿಷಯ ಎಂದು ನೀನು ಧೈರ್ಯ ಹೇಳಿದೆ. ಆದರೆ ಆ ಇಂಜಿನ್ನು ಸೋರಿದರೆ ರೈಲು ತಡವಾಗುತ್ತಿತ್ತು, ಅಷ್ಟೆ. ಇಲ್ಲಿ ನೀರು ಹರಿಯುವುದು ವಿದ್ಯುತ್ತಿನ ನಡುವೆ; ಅದರಿಂದ ಕೈಯಳತೆಯ ದೂರದಲ್ಲಿ ನಿನ್ನ ಅಮ್ಮನ ಮಂಚ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಬರೆದರೆ ನನ್ನ ಮನಸ್ಸು ತಿಳಿಯಾಗುತ್ತದೆ. ಪಾರ್ಶ್ವವಾಯು ಆದ ಮೇಲೆ ನಿನ್ನ ಅಮ್ಮ ನಾಗರತ್ನಮ್ಮನವರಿಗೆ ನುಂಗುವ ಶಕ್ತಿ ಪೂರ್ತಿಯಾಗಿ ಮರಳಲಿಲ್ಲ. ಎಂಜಲು ಗಂಟಲಿನಲ್ಲಿ ಸಿಕ್ಕಿಕೊಂಡಾಗ ಅವರಿಂದ ಹೊರಡುವುದು ಕೂಗಲ್ಲ, ಸರಿಯಾದ ಕೆಮ್ಮೂ ಅಲ್ಲ. ಕಿರಿದಾದ ಸಂದಿಯಲ್ಲಿ ಗಾಳಿ ನುಸುಳಿದಂಥ ಒಂದು ಸಣ್ಣ ಸದ್ದು. ಅದು ಕೇಳಿದ ಕೂಡಲೇ ಅವರನ್ನು ಎಡಮಗ್ಗುಲಿಗೆ ತಿರುಗಿಸಬೇಕು. ಮಂಚಕ್ಕೆ ಕಟ್ಟಿದ ಕರೆಗಂಟೆಯನ್ನು ನೀರು ಬೇಕಾದಾಗ ಒತ್ತುತ್ತಾರೆ. ಉಸಿರು ಸಿಕ್ಕಿಕೊಂಡಾಗ ಒತ್ತಲಾರರು. ಏಸಿಯ ಗಾಳಿ ಅವರಿಗೆ ಆಗುವುದಿಲ್ಲ. ನಿನ್ನ ಹಳೆಯ ಕಂಪ್ಯೂಟರ್ ಸಿನಿಮಾದ ಗ್ರಾಫಿಕ್ಸ್ ಚಿತ್ರಗಳನ್ನು ಸಿದ್ಧಗೊಳಿಸಲು, ನಿನ್ನ ಮಾತಿನಲ್ಲಿ ಬೇಯಿಸಲು, ಕುಳಿತರೆ ಅದರ ಫ್ಯಾನುಗಳು ಮಿಕ್ಸಿಯಂತೆ ಅರಚುತ್ತಿದ್ದವು. ಒಂದೇ ಕೋಣೆಯಲ್ಲಿ ದುಡಿಮೆಯೂ ಅಮ್ಮನೂ ಇರಬೇಕಾದ್ದರಿಂದ ನೀನು ನೀರಿನಿಂದ ತಣಿಯುವ, ಸದ್ದಿಲ್ಲದ ಯಂತ್ರ ಬೇಕೆಂದೆ. ಭಾನುವಾರದ ವಿಜ್ಞಾನ ತರಗತಿಗೆ ಫ್ರಾಕ್ ಹಾಕಿಕೊಂಡು ಬಂದು ಕನ್ನಡ ಸಂಘದ ಗೋಡೆ ಗಡಿಯಾರವನ್ನು ಬಿಚ್ಚಿಟ್ಟ ಹುಡುಗಿ ಇಂಥ ಉಪಾಯ ಹುಡುಕಿದ್ದರಲ್ಲಿ ನನಗೆ ಆಶ್ಚರ್ಯವಾಗಲಿಲ್ಲ. ಹೆಮ್ಮೆಯಾಯಿತು. ಜೊತೆಗೆ ಹೆದರಿಕೆಯೂ ಆಯಿತು.

ಈಗ ರೇಡಿಯೇಟರಿನ ವಿಷಯ. ನೀನು ಚಿತ್ರ ಕಳಿಸಿದ್ದ ಅಗ್ಗದ, ಚೆಂದದ ರೇಡಿಯೇಟರನ್ನು ನಾನು ಕೊಳ್ಳಲಿಲ್ಲ. ಅದು ಅಲ್ಯೂಮಿನಿಯಂ. ನಿನ್ನ ಪ್ರೊಸೆಸರಿನ ಮೇಲೆ ಕೂರುವ ತುಂಡು ತಾಮ್ರ. ಒಂದೇ ನೀರು ಎರಡನ್ನೂ ಮುಟ್ಟುತ್ತ ಹರಿದರೆ ಅಲ್ಯೂಮಿನಿಯಂ ಒಳಗಿಂದೊಳಗೇ ಸವೆಯುತ್ತದೆ. ಮೊದಲ ತಿಂಗಳುಗಳಲ್ಲಿ ಏನೂ ಕಾಣುವುದಿಲ್ಲ. ಬಣ್ಣ ಹೊಳೆಯುತ್ತಲೇ ಇರುತ್ತದೆ. ಆಮೇಲೆ ಒಂದು ದಿನ, ನೀನು ಅಡುಗೆಮನೆಯಲ್ಲಿದ್ದಾಗ, ತೂತು ಬೀಳುತ್ತದೆ. ಹೊರಗೆ ಗುರುತು ತೋರದೆ ಒಳಗೆ ನಡೆಯುವ ಈ ಬಗೆಯ ಸವೆತಕ್ಕೆ ನಾನು ಶೆಡ್ಡಿನಲ್ಲಿದ್ದಾಗಲೂ ಹೆದರುತ್ತಿದ್ದೆ. ಈಗ ಇನ್ನೂ ಹೆಚ್ಚು ಹೆದರುತ್ತೇನೆ.

ಹಾಗಾಗಿ ಮೊದಲು ಪುದುಪೇಟೆಗೆ ಹೋದೆ. ಹಳೆಯ ಕಾರುಗಳನ್ನು ಒಡೆದು ಮಾರುವ ಆ ಬೀದಿಯಲ್ಲಿ ಕಾರಿನ ಹೀಟರಿನ ರೇಡಿಯೇಟರುಗಳು ಸಿಗುತ್ತವೆ. ಹಳೆಯವು ತಾಮ್ರ ಮತ್ತು ಹಿತ್ತಾಳೆಯವು, ಅಳತೆಯೂ ಹೊಂದುತ್ತದೆ. ಅಂಗಡಿಯ ಭಾಯ್ ಒಂದನ್ನು ಎತ್ತಿ ಕೊಟ್ಟು, "ಮೆಡ್ರಾಸ್ ವಂಡಿ ಸಾರ್. ಇಂದ ಊರ್ಲ ಹೀಟರ್ ಯಾರ್ ಪೋಡುವಾಂಗ? ಪುದುಸು ಮಾದಿರಿ" ಎಂದರು. ಈ ಊರಿನಲ್ಲಿ ಕಾರಿನ ಹೀಟರ್ ಹಾಕುವ ಹುಚ್ಚರು ಯಾರೂ ಇಲ್ಲ, ಆದ್ದರಿಂದ ಹೊಸದರಂತೆಯೇ ಇದೆ ಎಂಬ ವಾದ. ಮೇ ತಿಂಗಳ ಈ ಕತ್ತಿರಿ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಅದನ್ನು ಅಲ್ಲಗಳೆಯುವುದು ಯಾರಿಂದ ಸಾಧ್ಯ? ನಗುತ್ತಲೇ ಕೊಂಡು ತಂದೆ. ಮನೆಯಲ್ಲಿ ಒಂದು ಬಾಯಿಗೆ ಬಿರಡೆ ಹಾಕಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಬಹಳ ಹೊತ್ತು ಏನೂ ಇಲ್ಲ. ನಿಟ್ಟುಸಿರು ಬಿಟ್ಟು ಎತ್ತಬೇಕೆನ್ನುವಷ್ಟರಲ್ಲಿ ಮೂಲೆಯ ಬೆಸುಗೆಯಿಂದ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಸ್ವಲ್ಪ ತಾಳಿ ಇನ್ನೊಂದು. ಆ ಗುಳ್ಳೆಗಳು ಹಗಲೆಲ್ಲ ನನ್ನ ಕಣ್ಣ ಮುಂದೆ ಏಳುತ್ತಲೇ ಇದ್ದವು. ಅದನ್ನು ಪಕ್ಕಕ್ಕಿಟ್ಟೆ.

ಕೊನೆಗೆ ಕಂಪ್ಯೂಟರ್ ಸಾಮಾನು ಮಾರುವ ರಿಚ್ಚಿ ಸ್ಟ್ರೀಟ್. ಮುಚ್ಚಿಹೋದ ಗೇಮಿಂಗ್ ಸೆಂಟರೊಂದರಿಂದ ಬಿಚ್ಚಿ ತಂದ ರೇಡಿಯೇಟರುಗಳ ರಾಶಿ ಒಂದು ಅಂಗಡಿಯಲ್ಲಿತ್ತು. ಎಲ್ಲವಕ್ಕೂ ಒಂದೇ ಕಪ್ಪು ಬಣ್ಣ, ಎಲ್ಲವೂ ತಾಮ್ರವೆಂದು ಅಂಗಡಿಯವನ ಭರವಸೆ. ನಾನು ಜೇಬಿನಿಂದ ಪಿನ್ನು ತೆಗೆದು, ಬಣ್ಣದ ಅಂಚನ್ನು ಕೆರೆದು, ಕೆಂಪು ಕಾಣುತ್ತದೆಯೇ ಬಿಳಿ ಕಾಣುತ್ತದೆಯೇ ಎಂದು ಒಂದೊಂದನ್ನೇ ನೋಡತೊಡಗಿದೆ. ಇದೇನು ಒಡವೆ ಅಂಗಡಿಯೇ ಸಾರ್ ಎಂದು ಅವನು ರೇಗಿದ. ನಾನು ಕೆರೆಯುವುದನ್ನು ನಿಲ್ಲಿಸಲಿಲ್ಲ. ಕೆಂಪು ಕಂಡ ಎರಡನ್ನು ತೆಗೆದುಕೊಂಡೆ. ಎರಡೂ ತೆಳು, ಎರಡೂ ಅಗಲ, ಒಳಗಿನ ತಗಡಿನ ಎಸಳುಗಳು ವಿರಳ. ದಪ್ಪನೆಯದೊಂದು ಸಾಕಿತ್ತಲ್ಲ ಎಂದು ನೀನು ಕೇಳುತ್ತೀ. ದಪ್ಪನೆಯ, ಎಸಳು ಒತ್ತಾದ ರೇಡಿಯೇಟರಿನ ಮೂಲಕ ಗಾಳಿ ದಾಟಬೇಕಾದರೆ ಫ್ಯಾನು ಜೋರಾಗಿ ತಿರುಗಲೇಬೇಕು. ಆಗ ಸದ್ದು ಮರಳಿ ಬರುತ್ತದೆ. ತೆಳುವಾದವು ಎರಡಿದ್ದರೆ ಫ್ಯಾನುಗಳು ಸೋಮಾರಿಗಳಂತೆ ತಿರುಗಿದರೂ ಸಾಕು. ಕೋಣೆಯೇ ಕಾದಿರುವಾಗ ನೀರು ಅದಕ್ಕಿಂತ ತಣ್ಣಗಾಗಲಾರದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಎರಡೂ ಬಕೆಟ್ಟಿನ ಪರೀಕ್ಷೆಯಲ್ಲಿ ಗೆದ್ದವು. ಬಿಸಿನೀರಿನಿಂದ ಒಳಗನ್ನು ಮತ್ತೆ ಮತ್ತೆ ತೊಳೆದು, ಕೊನೆಗೆ ಬಟ್ಟಿ ಇಳಿಸಿದ ನೀರು ಸ್ವಚ್ಛವಾಗಿ ಹೊರಬರುವವರೆಗೂ ಬಿಡಲಿಲ್ಲ. ಎಲ್ಲ ಸೇರಿಯೂ ನೀನು ಹೇಳಿದ್ದ ಮಿತಿಯೊಳಗೇ ಆಯಿತು.

ಜೋಡಣೆ ಮುಗಿದ ಮೇಲೆ ಪಂಪಿಗೆ ಮಾತ್ರ ಕರೆಂಟು ಕೊಟ್ಟು, ಪ್ರತಿ ಸಂದಿನ ಕೆಳಗೂ ಟಿಶ್ಯೂ ಕಾಗದ ಹಾಸಿ, ಒಂದಿಡೀ ದಿನ ನೀರನ್ನು ಓಡಿಸಿದೆ. ಆ ದಿನ ನಾನು ಮನೆ ಬಿಟ್ಟು ಕದಲಲಿಲ್ಲ. ಕಾಗದಗಳನ್ನು ಎತ್ತಿ ಬೆಳಕಿಗೆ ಹಿಡಿಯುವುದು, ಮತ್ತೆ ಇಡುವುದು, ಇದೇ ಕೆಲಸ. ಒದ್ದೆಯಾಗಲಿಲ್ಲ. ಆದರೂ ನಂಬಿಕೆ ಬರಲಿಲ್ಲ. ಕಾಗದ ಬದಲಾಯಿಸಿ ಇನ್ನೊಂದು ದಿನ ಓಡಿಸಿದೆ.

ಕಳೆದ ಭಾನುವಾರ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಟ್ಯಾಕ್ಸಿಯಲ್ಲಿ ವೇಲಚೇರಿಗೆ ಹೋದೆ. ಮೀನಿನ ತೊಟ್ಟಿಯಾ ಸಾರ್ ಎಂದು ಚಾಲಕ ಕೇಳಿದ. ನಿನ್ನ ಅಮ್ಮ ಅದನ್ನು ಬಹಳ ಹೊತ್ತು ನೋಡಿ ಏನೋ ಅಂದು ಸೊಟ್ಟಗೆ ನಕ್ಕರು. ಮಾತು ತೊದಲುವುದರಿಂದ ನಾನು ಸುಮತಿಯ ಮುಖ ನೋಡಿದೆ. "ಡಿಸೆಂಬರ್ ಮಳೆ ಬಂದ್ರೆ ವೇಲಚೇರಿ ಮನೆಯೊಳಕ್ಕೆ ನೀರು ತಾನಾಗೇ ಬರತ್ತೆ, ದುಡ್ಡು ಕೊಟ್ಟು ಯಾಕೆ ತುಂಬಿಸ್ಕೊಂಡು ಬಂದ್ರಿ ಅಂತ ಕೇಳ್ತಿದಾಳೆ ನಮ್ಮಕ್ಕ" ಎಂದರು ಸುಮತಿ. ಕಾಯಿಲೆ ಅವರ ನಾಲಿಗೆಯನ್ನಷ್ಟೇ ಕಟ್ಟಿದೆ, ಕೊಂಕನ್ನು ಮುಟ್ಟಿಲ್ಲ.

ಯಂತ್ರವನ್ನು ಪೂರ್ತಿ ಚಾಲೂ ಮಾಡಿ, ನೀನು ಕಳಿಸಿದ್ದ ಭಾರದ ಕೆಲಸವನ್ನೇ ಅದಕ್ಕೆ ಹಚ್ಚಿದೆ. ಶೆಡ್ಡಿನ ಅಭ್ಯಾಸದಂತೆ ರೇಡಿಯೇಟರಿನ ಮೇಲೆ ಅಂಗೈ ಇಟ್ಟುಕೊಂಡು ಕುಳಿತೆ. ಇಂಜಿನ್ನು ಓಡುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಸನ್ನೆಯೇ ಭಾಷೆ, ಅಂಗೈಯೇ ಪರೀಕ್ಷೆ. ಬಿಸಿ ಸಮನಾಗಿ ಹರಡಿತ್ತು, ಕಂಪನ ಇಲ್ಲವೆನ್ನುವಷ್ಟು ಕಡಿಮೆ. ಕೋಣೆ ನಿಶ್ಶಬ್ದ. ಗೆದ್ದೆನೆಂದುಕೊಂಡೆ. ಸುಮತಿ ಮಾತ್ರ ಪಂಪು ಸಣ್ಣಗೆ ಕುಂಯ್‌ಗುಟ್ಟುತ್ತಿದೆ ಎಂದರು. ನಾನು ಇಲ್ಲವೆಂದು ವಾದಿಸಿದೆ, ಸ್ವಲ್ಪ ಕಟುವಾಗಿಯೇ. ಆಮೇಲೆ ಪಂಪಿನ ಕೆಳಗೆ ರಬ್ಬರ್ ಹಾಸಿ, ವೇಗ ತಗ್ಗಿಸಿ, ಅವರು ಸಾಕು ಎನ್ನುವವರೆಗೆ ಸರಿಪಡಿಸಿದೆ. ಆ ದಿನ ನಡುವೆ ಅಮ್ಮನಿಗೆ ಒಮ್ಮೆ ಗಂಟಲು ಕಟ್ಟಿತ್ತು. ಸುಮತಿ ನೋಡಿಕೊಂಡರು, ಈಗ ಯಾವ ತೊಂದರೆಯೂ ಇಲ್ಲ. ಯಂತ್ರ ಸಿದ್ಧವಾಗಿದೆ. ನೀನು ಬಂದು ನಿನ್ನ ಕಿವಿಯಿಂದಲೇ ಕೇಳಿ ಒಪ್ಪಿಕೊಳ್ಳಬೇಕು.

ಈ ತಿಂಗಳ ಕೊನೆಗೆ ನೀನು ಬರುತ್ತೀ, ಸುಮತಿ ಮೈಸೂರಿಗೆ ಹಿಂದಿರುಗುತ್ತಾರೆ. ವಡಪಳನಿಯ ಸ್ಟುಡಿಯೋ ನಿನ್ನನ್ನು ಮಂಗಳವಾರ, ಶುಕ್ರವಾರ ಕರೆಸಿಕೊಳ್ಳುವುದಾದರೆ ಆ ದಿನಗಳಲ್ಲಿ ಅಮ್ಮನ ಬಳಿ ನಾನು ಇರುವುದೆಂದು ಮಾತಾಗಿದೆ. ಆ ಮಾತನ್ನು ನಂಬಿ ನೀನು ಕೆಲಸ ಒಪ್ಪಿಕೊಂಡಿದ್ದೀ ಎಂಬುದು ನನಗೆ ಗೊತ್ತಿದೆ. ಅದನ್ನು ನೀನು ಬಿಡಬಾರದು. ನಿನ್ನ ಕೈಯಲ್ಲಿರುವ ವಿದ್ಯೆ ಬೆಳಗುವ ದಿನಗಳು ಈಗ ಬಂದಿವೆ. ಅದನ್ನು ಕಣ್ಣಾರೆ ನೋಡುವ ಆಸೆ ನನ್ನದು. ನಿನಗೆ ಆಯುಸ್ಸು, ಆರೋಗ್ಯ, ಹಿಡಿದ ಕೆಲಸದಲ್ಲಿ ಯಶಸ್ಸು ತಾನಾಗಿ ಒದಗಿ ಬರಲಿ.

ನಿನ್ನ ಶ್ರೇಯಸ್ಸನ್ನು ಸದಾ ಬಯಸುವ,
ವಿಶ್ವನಾಥ ಮಾಮ

ತಾಜಾಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಅಮ್ಮನ ಗಂಟಲು ಕಟ್ಟಿದ ವಿಷಯವನ್ನು ಮೇಲೆ ಒಂದು ಸಾಲಿನಲ್ಲಿ ದಾಟಿಸಿಬಿಟ್ಟೆ. ಹಾಗೆ ದಾಟಿಸುವಂಥದ್ದಲ್ಲ ಅದು.

ಆಗ ನಾನು ಅವರ ಮಂಚದ ಪಕ್ಕದಲ್ಲೇ ಕುಳಿತಿದ್ದೆ. ಅವರಿಗೆ ಬೆನ್ನು ಮಾಡಿ, ರೇಡಿಯೇಟರಿನ ಮೇಲೆ ಅಂಗೈ ಇಟ್ಟು, ಎಷ್ಟು ನಿಶ್ಶಬ್ದ ಎಂದು ಸಂತೋಷಪಡುತ್ತಿದ್ದೆ. ಸುಮತಿ ಅಡುಗೆಮನೆಯಿಂದ ಓಡಿಬಂದು ನನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದಾಗಲೇ ನಾನು ತಿರುಗಿದ್ದು. ಅಮ್ಮನ ತುಟಿ ಬಣ್ಣಗೆಟ್ಟಿತ್ತು. ಅಲ್ಲಿ ಒಲೆಯ ಮುಂದೆ ನಿಂತವರಿಗೆ ಕೇಳಿಸಿದ ಸದ್ದು ಕೈಯಳತೆಯಲ್ಲಿದ್ದ ನನಗೆ ಕೇಳಿಸಿರಲಿಲ್ಲ. ಉಸಿರು ಮರಳಿದ ಮೇಲೆ ಅವರು ನನ್ನನ್ನು ನೋಡಿ ಏನೋ ಹೇಳಿದರು. ಅದೂ ನನಗೆ ತಿಳಿಯಲಿಲ್ಲ. ಸುಮತಿ ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಾಗಿ, "ನಿಮ್ಮನ್ನ ಬೈಬೇಡ ಅಂತಿದಾಳೆ, ಅಣ್ಣ" ಎಂದರು.

ಪಕ್ಕದ ಮನೆಯವರನ್ನು ಅಮ್ಮನ ಬಳಿ ಕೂರಿಸಿ, ಕಿವಿಯ ಡಾಕ್ಟರಲ್ಲಿಗೆ ಸುಮತಿಯೇ ಕರೆದುಕೊಂಡು ಹೋದರು. ಸಣ್ಣ, ಕೀರಲು ಸದ್ದುಗಳು ನನ್ನ ಪಾಲಿಗೆ ಎಂದೋ ಹೋಗಿಬಿಟ್ಟಿವೆಯಂತೆ. ಕಿವಿಗೆ ಯಂತ್ರ ಹಾಕಿಕೊಂಡರೂ ಅಂಥ ಸದ್ದನ್ನು ನಂಬಿ ರೋಗಿಯನ್ನು ಒಪ್ಪಿಸಿಕೊಳ್ಳಬೇಡಿ ಎಂದರು ಡಾಕ್ಟರು. ಒಳಗಿಂದೊಳಗೇ ಸವೆಯುವ ಲೋಹದ ಬಗ್ಗೆ ನಿನಗೆ ಅಷ್ಟೆಲ್ಲ ಬರೆದವನು ನಾನು.

ಆದರೂ ಒಂದು ಮಾತು ಹೇಳಬೇಕು. ನಿನ್ನೆ ಸುಮತಿ ನನ್ನ ಅಂಗೈಯನ್ನು ಅಮ್ಮನ ಬೆನ್ನಿನ ಮೇಲೆ ಇರಿಸಿ ಕೂರಿಸಿದರು. ಉಸಿರು ಹೋಗುವುದು, ಬರುವುದು ಸ್ಪಷ್ಟವಾಗಿ ತಿಳಿಯಿತು. ಒಮ್ಮೆ ಅದು ತಡವರಿಸಿತು, ಕೊಳವೆಯಲ್ಲಿ ಗಾಳಿ ಸೇರಿದಾಗ ಪಂಪು ತಡವರಿಸುವಂತೆ. ನಾನು ಕೂಡಲೇ ಅವರನ್ನು ಎಡಮಗ್ಗುಲಿಗೆ ತಿರುಗಿಸಿದೆ. ಸುಮತಿಗೆ ಆ ಸದ್ದು ಕೇಳಿಸಿದ್ದು ಆಮೇಲೆ. ಓದದೆ, ಎದ್ದು ಹೋಗದೆ, ನೀನು ಬರುವವರೆಗೂ ಕೈ ತೆಗೆಯದೆ ಕೂರಬಲ್ಲೆ ಎಂದು ನನಗೆ ಅನಿಸುತ್ತದೆ. ಅನಿಸುವುದನ್ನು ನಂಬಲು ಹೆದರಿಕೆಯಾಗುತ್ತದೆ. ಅಮ್ಮ ನಿನ್ನವರು, ನಿರ್ಧಾರವೂ ನಿನ್ನದೇ. ಬೇಡವೆಂದರೆ ಬೇರೆಯವರನ್ನು ಹುಡುಕೋಣ, ನಾನೇ ಹುಡುಕುತ್ತೇನೆ.

ಉತ್ತರವನ್ನು ಕಾಗದದಲ್ಲೇ ಬರೆ, ಮಗು. ಫೋನ್ ಮಾಡಿದರೆ ನಾನು ಎಂದಿನಂತೆ ಸರಿ, ಸರಿ ಎನ್ನುತ್ತೇನೆ. ನೀನು ಏನು ಹೇಳಿದೆ ಎಂಬುದು ನನಗೆ ತಿಳಿದಿರುವುದಿಲ್ಲ.