ಮಣಿಕಟ್ಟಿನ ಮೇಲೆ ನಾಲ್ಕು ಬೆರಳು

೮ ಸೆಪ್ಟೆಂಬರ್ ೧೯೫೮, ಶಿಡ್ಲಘಟ್ಟ

ಬೆಳಿಗ್ಗೆ ಮೂರನೇ ಕ್ಲಾಸಿಗೆ ಮಗ್ಗಿ. ಹತ್ತೂವರೆಗೆ ಸಿಡುಬಿನ ದಾಕು ಹಾಕುವವರು ಬಂದರು. ಮಕ್ಕಳದ್ದು ಮುಗಿಯಿತು, ಟೀಚರುಗಳದ್ದು ಶುರು. ಆ ಮನುಷ್ಯ ಹೇಳದೆ ಕೇಳದೆ ನನ್ನ ಬಲ ಮಣಿಕಟ್ಟು ಹಿಡಿದ. ಅಷ್ಟೇ. ಉಸಿರು ನಿಂತಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಮಕ್ಕಳು ಅಳುತ್ತಿದ್ದರು.

ಈ ವರ್ಷ ಇದು ಎರಡನೇ ಸಲ. ಹೆಡ್‌ಮಾಸ್ಟರ್ ವೆಂಕಟರಾಮಪ್ಪನವರು ಬೈಯಲಿಲ್ಲ. ದಸರಾ ರಜೆ ಮುಗಿಯುವುದರೊಳಗೆ ಡಾಕ್ಟರ ಸರ್ಟಿಫಿಕೇಟ್ ತನ್ನಿ, ಇಲ್ಲದಿದ್ದರೆ ಕ್ಲಾಸು ಕೊಡಲಾಗದು ಎಂದರು. ಕ್ಲಾಸೂ ಇಲ್ಲದಿದ್ದರೆ ದಿನವಿಡೀ ಯಾರ ಜೊತೆ ಮಾತಾಡಲಿ...

೯ ಸೆಪ್ಟೆಂಬರ್

ಬಳೆಗಾರ್ತಿ ಬಂದಿದ್ದಳು. ಬಳೆ ಕೊಂಡು ನಾನೇ ತೊಟ್ಟುಕೊಂಡೆ. ಧಾರೆಯ ದಿನ ಅವರು ಕೈ ಹಿಡಿದಾಗಲೂ ಹೀಗೇ ಬಿದ್ದಿದ್ದೆ. ನನಗಾಗ ಹದಿನೇಳು. ಹುಡುಗಿಗೆ ದೆವ್ವ ಹಿಡಿದಿದೆ ಎಂದು ಎರಡೇ ತಿಂಗಳಿಗೆ ತವರಿಗೆ ತಂದು ಬಿಟ್ಟು ಹೋದರು. ಅವರ ಮುಖ ಈಗ ಸರಿಯಾಗಿ ನೆನಪಿಲ್ಲ. ಇಪ್ಪತ್ತಮೂರು ವರ್ಷದಿಂದ ಯಾರೂ ನನ್ನನ್ನು ಪ್ರೀತಿಯಿಂದ ಮುಟ್ಟಿಲ್ಲ.

೧೪ ಸೆಪ್ಟೆಂಬರ್, ಭಾನುವಾರ

ರೈಲಿನಲ್ಲಿ ಚಿಕ್ಕಬಳ್ಳಾಪುರ. ಡಾಕ್ಟರ್ ತಾಜ್ ಪಾಷಾ ಮಿಲಿಟರಿ ಆಸ್ಪತ್ರೆಯಲ್ಲಿದ್ದು ಬಂದವರು. ಯುದ್ಧದಲ್ಲಿ ಬೆದರಿದ ಸಿಪಾಯಿಗಳಿಗೆ ಹಿಪ್ನಾಟಿಸಂ ಮಾಡಿ ಹಳೆಯದನ್ನೆಲ್ಲ ನೆನಪಿಗೆ ತರಿಸುತ್ತಿದ್ದರಂತೆ. ಹೆದರಿಕೆಯಿತ್ತು. ಅವರ ಹೆಂಡತಿ ಮೆಹಬೂಬ್ ಬೀ ಹೊಲಿಗೆ ಹಿಡಿದು ಅದೇ ಕೋಣೆಯಲ್ಲಿ ಕೂತರು. ಧೈರ್ಯ ಬಂತು.

ದೀಪ ನೋಡುತ್ತಾ ಇಪ್ಪತ್ತರಿಂದ ಹಿಂದಕ್ಕೆ ಎಣಿಸಿದೆ. ಹನ್ನೆರಡನೇ ವಯಸ್ಸಿನವರೆಗೆ ಹೋದೆನಂತೆ. ನಗರಗೆರೆ ಮನೆಯ ಹಿತ್ತಲು. ಕನಕಾಂಬರದ ಗಿಡ. ಬರೀ ಅಳು ಬಂತು — ಯಾಕೆಂದು ಗೊತ್ತಿಲ್ಲ.

೨೧ ಸೆಪ್ಟೆಂಬರ್

ಬರೆಯಲಾಗುತ್ತಿಲ್ಲ.

೨೪ ಸೆಪ್ಟೆಂಬರ್

ಈಗ ಆಗಬಹುದು.

ಭಾನುವಾರ, ಆರನೇ ವಯಸ್ಸಿಗೆ ಹೋಗಿ ಎಂದರು ಡಾಕ್ಟರು. ಮೊದಲು ವಾಸನೆ — ಬೇವಿನ ಸೊಪ್ಪಿನ ಹೊಗೆ. ಆಮೇಲೆ ಚಳಿ, ಹಲ್ಲು ಕಟಕಟ. ಹೊಲದಲ್ಲಿ ಗುಡಿಸಲುಗಳು. ಪ್ಲೇಗಿನ ವರ್ಷ ಅದು, ಊರಿಗೆ ಊರೇ ಮನೆ ಬಿಟ್ಟು ಬಯಲಿಗೆ ಬಂದಿತ್ತು. ದೂರದ ಗುಡಿಸಲಿನಲ್ಲಿ ಅಮ್ಮ ಒಬ್ಬಳೇ. ಓಡಿದೆ. ಯಾರೋ ಬಲ ಮಣಿಕಟ್ಟು ಹಿಡಿದೆಳೆದರು. ಒಳಗಿಂದ ಅಮ್ಮ ಕೂಗುತ್ತಿದ್ದಳು — ಬಿಡಬೇಡ, ಬಿಡಬೇಡ. ಹಿಡಿದ ಕೈ ಸಡಿಲಲಿಲ್ಲ. ಕೂಗು ನಿಂತಿತು.

ಕುರ್ಚಿಯಿಂದ ಬಿದ್ದು, ಕಾಲು ಬಡಿಯುತ್ತಾ, ಮಗುವಿನ ದನಿಯಲ್ಲಿ ಕಿರುಚಿದೆನಂತೆ. ಸೀರೆ ಒದ್ದೆಯಾಗಿತ್ತು. ನಲವತ್ತು ವರ್ಷದ ಹೆಂಗಸು! ಮೆಹಬೂಬ್ ಬೀ ಕೈ ಮುಟ್ಟದೆ ಹೆಗಲು ಹಿಡಿದು ಎಬ್ಬಿಸಿದರು. ಬಿಸಿನೀರು ಕೊಟ್ಟರು, ತಮ್ಮದೊಂದು ಸೀರೆ ಕೊಟ್ಟರು. ಅವರೇ ಮೊದಲು ನೋಡಿದ್ದು — ನನ್ನ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಕೆಂಪು ಗುರುತು. ಆ ಕೋಣೆಯಲ್ಲಿ ಯಾರೂ ನನ್ನ ಕೈ ಹಿಡಿದಿರಲಿಲ್ಲ.

ಅಮ್ಮ ಒಂದೇ ದಿನದ ಜ್ವರಕ್ಕೆ, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಹೋದಳು ಎಂದಲ್ಲವೇ ನನಗೆ ಹೇಳಿದ್ದು.

೨೮ ಸೆಪ್ಟೆಂಬರ್

ಡಾಕ್ಟರು ಇವತ್ತು ದೀಪ ಹಚ್ಚಲಿಲ್ಲ. “ಕಂಡದ್ದೆಲ್ಲ ನಡೆದದ್ದೇ ಅಂತ ನಾನು ಹೇಳೋಕಾಗಲ್ಲ, ಅಕ್ಕಯ್ಯಮ್ಮನವರೇ. ಆವತ್ತು ಅಲ್ಲಿದ್ದವರು ಯಾರಾದ್ರೂ ಉಳಿದಿದ್ದಾರಾ?”

ಒಬ್ಬಳಿದ್ದಾಳೆ. ಓಬಳಮ್ಮ ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ. ಅಮ್ಮ ಸತ್ತು ವರ್ಷ ತುಂಬುವ ಮೊದಲೇ ಅಪ್ಪನನ್ನು ಮದುವೆಯಾದವಳು. ಅಪ್ಪ ಹೋದಮೇಲೆ, ಹನ್ನೊಂದು ವರ್ಷ, ಅವಳ ಹೊಸಿಲು ತುಳಿದಿಲ್ಲ. ಆ ಕೈ ಅವಳದೇ. ಅಕ್ಕನನ್ನು ಸಾಯಲು ಬಿಟ್ಟು ಅಕ್ಕನ ಮನೆ ಸೇರಿದಳು.

ರಜೆ ಬರಲಿ.

೧೮ ಅಕ್ಟೋಬರ್, ನಗರಗೆರೆ

ಗೌರಿಬಿದನೂರಿನಲ್ಲಿ ಎರಡು ಗಂಟೆ ಕಾದು ಬಸ್ಸು ಹತ್ತಿದೆ. ಚಿಕ್ಕಮ್ಮ ಜಗಲಿಯಲ್ಲಿ ಕಡಲೇಕಾಯಿ ಸುಲಿಯುತ್ತಿದ್ದಳು. ಬಹಳ ಇಳಿದುಹೋಗಿದ್ದಾಳೆ. ಊಟ ಮಾಡು ಎಂದಳು. ಕೂರಲೂ ಇಲ್ಲ, ಕೇಳಿಬಿಟ್ಟೆ — ಆವತ್ತು ನನ್ನನ್ನು ಹಿಡಿದದ್ದು ನೀನಲ್ಲವೇ?

“ನಾನೇ.”

ಬಿಡಬೇಡ ಅಂತ ಅಮ್ಮ ಅಷ್ಟು ಬೇಡಿಕೊಂಡಳು, ಒಬ್ಬಳನ್ನೇ ಬಿಟ್ಟಿರಲ್ಲ ಎಂದೆ. ಸುಲಿಯುವುದು ನಿಂತಿತು.

“ಅಕ್ಕ ಅದನ್ನ ಅಂದಿದ್ದು ನಂಗೆ ಕಣಮ್ಮ. ಮಗೂನ ಬಿಡಬೇಡ, ಒಳಗೆ ಬಂದ್ಬಿಡ್ತಾಳೆ, ಗಟ್ಟಿಯಾಗಿ ಹಿಡ್ಕೋ ಅಂತ. ಸಾಯೋಗಂಟ ಅದನ್ನೇ ಕೂಗಿದ್ಲು. ನಂಗಾಗ ಹದಿನಾರು. ನಾನೂ ಅಕ್ಕನ ಹತ್ರ ಓಡ್ಬೇಕು ಅಂತಿದ್ದೆ. ಕೈಯಲ್ಲಿ ನೀನಿದ್ದೆ, ಓಡ್ಲಿಲ್ಲ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ಸಿಪ್ಪೆಯನ್ನೆಲ್ಲ ಒಂದೆಡೆ ಗುಡ್ಡೆ ಮಾಡಿದಳು.

“ನಿಮ್ಮಪ್ಪ ಆ ಕಡೆ ತಿರುಗೂ ನೋಡ್ಲಿಲ್ಲ. ಅದನ್ನ ನಿಂಗೆ ಹೆಂಗಮ್ಮ ಹೇಳ್ಲಿ?”

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ. ಅವಳು ಅಳಲಿಲ್ಲ. ಅತ್ತಿದ್ದರೆ ನಂಬುತ್ತಿರಲಿಲ್ಲ.

೧೯ ಅಕ್ಟೋಬರ್, ಬೆಳಿಗ್ಗೆ

ಎದ್ದವಳೇ ಚಿಕ್ಕಮ್ಮನ ಮುಂದೆ ಬಲಗೈ ಚಾಚಿ, ಹಿಡಿ ಎಂದೆ. ಬೇಡ ಎಂದಳು. ಮತ್ತೆ ಕೇಳಿದಾಗ ಹಿಡಿದಳು. ಬೆವರು. ಕಿವಿ ಗುಂಯ್. ಉಸಿರು ಕಟ್ಟಿತು, ಬಂತು, ಮತ್ತೆ ಕಟ್ಟಿತು. ನಲವತ್ತರವರೆಗೆ ಎಣಿಸಿ ಬಿಡಿಸಿಕೊಂಡೆ. ಬೀಳಲಿಲ್ಲ. ವಾಸಿಯಾಯಿತು ಎಂದು ಬರೆಯಲಾರೆ. ಬೀಳಲಿಲ್ಲ ಎಂದಷ್ಟೇ ಬರೆಯಬಲ್ಲೆ. ಡಾಕ್ಟರಿಗೂ ಅಷ್ಟೇ ಹೇಳುತ್ತೇನೆ. ಸರ್ಟಿಫಿಕೇಟಿಗೆ ಅದು ಸಾಕೋ ಇಲ್ಲವೋ.

ಹತ್ತು ಗಂಟೆ

ಎಷ್ಟು ಹಿಂದೆ ಹೋದರೂ ಅಮ್ಮನ ದನಿ ಸಿಕ್ಕಿತೇ ಹೊರತು ಮುಖ ಸಿಗಲಿಲ್ಲ. ಫೋಟೋ ಇಲ್ಲ. ನೋಡಲು ಹೇಗಿದ್ದಳು ಎಂದು ಕೇಳಿದೆ. ಇದನ್ನು ಯಾರನ್ನೂ ಕೇಳಿರಲೇ ಇಲ್ಲ. ಚಿಕ್ಕಮ್ಮ ಹೇಳುತ್ತಿದ್ದಾಳೆ, ನಾನು ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿದ್ದೇನೆ. ನನಗಿಂತ ಎತ್ತರ. ಎಡ ಹುಬ್ಬಿನಲ್ಲಿ ಗಾಯದ ಕಲೆ. ಸಿಟ್ಟು ಬಂದರೆ ತೆಲುಗು. ನಕ್ಕರೆ —