ನಿಜಾಮಸಾಬರ ಬಾವಿ ಮತ್ತು ನಾಲ್ಕು ರ‍್ಯಾಮ್

ನವೆಂಬರ್ 11, ಮಂಗಳವಾರ. ಬೆಳಿಗ್ಗೆ 7
ರೊಟ್ಟಿ ಆಯಿತು. ಕಂಪ್ಯೂಟರ್ ಮತ್ತೆ ನಿಂತಿದೆ, ನೀಲಿ ಪರದೆ. ಡ್ರೋನ್‌ನಲ್ಲಿ ತೆಗೆದ ಆರು ಸಾವಿರ ಫೋಟೊ ಜೋಡಿಸಿ ಹಳ್ಳದ ದಂಡೆಯ ನಕ್ಷೆ ಮಾಡಬೇಕು. ಮಳೆಗಾಲದಲ್ಲಿ ಹಳ್ಳ ಹೊಲಗಳ ಗಡಿಕಲ್ಲನ್ನೆಲ್ಲ ಕೊಚ್ಚಿಕೊಂಡು ಹೋಗಿದೆ. ಸೋಮವಾರ ಪಂಚಾಯ್ತಿ ಸಭೆ. ಯಾರ ಹೊಲ ಎಲ್ಲಿಯವರೆಗೆ ಅಂತ ನನ್ನ ನಕ್ಷೆ ನೋಡಿ ತೀರ್ಮಾನ.
ಅದಕ್ಕೇ ಇನ್ನೆರಡು ರ‍್ಯಾಮ್ ಸ್ಟಿಕ್, ಅಂದರೆ ಕಂಪ್ಯೂಟರಿನ ನೆನಪಿನ ಪಟ್ಟಿ, ಹಾಕಿಸಿದ್ದು. ಈಗ ನಾಲ್ಕು, ಒಟ್ಟು 192 ಜಿಬಿ. ಡಬ್ಬಿಯ ಮೇಲೆ ವೇಗ 6000 ಅಂತ ಇದೆ. ಅಷ್ಟಕ್ಕೇ ಇಟ್ಟಿದ್ದೇನೆ. ಬರೆದದ್ದಕ್ಕಿಂತ ಕಡಿಮೆ ಯಾಕೆ ಓಡಿಸಬೇಕು?

ನ. 12
ನಿಲ್ಲದೆ ಮುಗಿಯಿತು. ನಕ್ಷೆ ಚೆಂದ ಇದೆ. ಒಂದೇ ತೊಂದರೆ — ಬಾಜು ಹೊಲದ ನಿಜಾಮಸಾಬರ ಬಾವಿ ನಮ್ಮ ಹೊಲದೊಳಗೆ ಬಂದಿದೆ.
ಅತ್ತೆ ಮೈಲಾರವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.
"ಮಶಿನ್ ಸುಳ್ಳು ಹೇಳತೈತೇನು?"
"ತಪ್ಪೈತ್ರಿ ಅತ್ತಿ. ರ‍್ಯಾಮ್ ಕೈ ಕೊಡಾಕತ್ತೈತಿ."
"ನಿನಗೇನ ಗೊತ್ತು. ಅದು ಮ್ಯಾಲಿಂದ ನೋಡೇತಿ."
ಮಧ್ಯಾಹ್ನದೊಳಗೆ ಓಣಿಗೆಲ್ಲ ಹೇಳಿ ಬಂದಿದ್ದಾರೆ. ಸಂಜೆ ನಿಜಾಮಸಾಬರು ಮನೆ ಮುಂದೆ ಸುಮ್ಮನೆ ಹಾದು ಹೋದರು. ಚಹಾ ಕುಡಿಯದೆ ಹೋಗುವವರೇ ಅಲ್ಲ...

ನ. 13
ಹುಬ್ಬಳ್ಳಿ ಅಂಗಡಿಯ ನಿಯಾಜ್‌ಗೆ ಫೋನ್ ಮಾಡಿದೆ.
"ಮೇಡಂ, 6000 ಅನ್ನೂದು ಎರಡು ಸ್ಟಿಕ್ಕಿನ ಮಾತ್ರಿ. ನಾಲ್ಕು ಕೂಡಿದ್ರ ಬೋರ್ಡಿಗೆ ಭಾರ. ಸ್ಪೀಡ್ ಇಳಸ್ರಿ. ಮೆಮರಿ ಟೆಸ್ಟ್ ಹಚ್ರಿ. ಒಂದ ಎರರ್ ಬಂದ್ರೂ ನಂಬಬ್ಯಾಡ್ರಿ."
6000 — ಹತ್ತು ನಿಮಿಷಕ್ಕೆ 212 ಎರರ್. 5600 — 37. 5200 — ಎರಡು ತಾಸು ಸೊನ್ನೆ. ಕುಣಿಯುವುದೊಂದು ಬಾಕಿ. ಮೂರನೇ ತಾಸಿಗೆ ಒಂದು. ಒಂದೇ ಒಂದು. ಬಿಡಲೇ?
ಆ ಒಂದು ತಪ್ಪೇ ಬಾವಿ ಇರಬಹುದು.

ನ. 15
4800. ಬೆಳಿಗ್ಗೆ ಆರಕ್ಕೆ ಟೆಸ್ಟ್ ಹಚ್ಚಿದೆ. ಅತ್ತೆ ಬಾಜು ಕುರ್ಚಿ ಎಳೆದುಕೊಂಡು ಕುಳಿತರು. ಅರ್ಧ ತಾಸಿಗೊಮ್ಮೆ "ಬಂತೇನ ತಪ್ಪು?" — ಅಗದಿ ಆಸೆಯಿಂದ. ತಪ್ಪು ಬಂದರೆ ಹಳೆಯ ನಕ್ಷೆಯೇ ಉಳಿಯುತ್ತದೆಂಬ ಲೆಕ್ಕ. ಸಂಜೆ ಐದಕ್ಕೂ ಸೊನ್ನೆ. ಕುರ್ಚಿ ಅಲ್ಲೇ ಬಿಟ್ಟು ಎದ್ದು ಹೋದರು.

ನ. 16, ಭಾನುವಾರ. ಮಧ್ಯಾಹ್ನ 4
ಹೊಸ ನಕ್ಷೆ ಬಂತು, ವೇಗ ಇಳಿಸಿದ್ದರಿಂದ ಒಂದು ತಾಸು ತಡವಾಗಿ. ಬಾವಿ ನಿಜಾಮಸಾಬರ ಹೊಲದಲ್ಲೇ ಇದೆ.
"ಆ ಮೊದಲಿನ ಜೋರ ಸ್ಪೀಡಿನಾಗ ಒಮ್ಮಿ ಓಡಸು," ಅಂದರು ಅತ್ತೆ.
"ಓಡಸೂದಿಲ್ರಿ ಅತ್ತಿ."
ಅತ್ತೆ ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಜಗಳಾದೀತೆಂದು ಹಿಂದೆಯೇ ಓಡಿದೆ. ನಿಜಾಮಸಾಬರು ತಮ್ಮ ಕಟ್ಟೆಯ ಮೇಲೆ ಕುಳಿತಿದ್ದರು, ಮುಖ ಬೇರೆ ಕಡೆ.
"ನಿಜಾಮಣ್ಣ, ಬಾವಿ ನಿಂದ ಐತಪಾ. ಸೊಸಿ ಮಶಿನಿಗೆ ಮರವು ಆಗಿತ್ತು."
ಅವರಿಗೆ ನಗು ತಡೆಯಲಾಗಲಿಲ್ಲ. "ನೀರು ಬೇಕಾಗಿದ್ರ ಕೇಳಬಾರದೇನಬೇ ಅಕ್ಕಾ? ಪೈಪ್ ಹಾಕ್ಕೊ."
ಅಲ್ಲೇ ಫೋನಿನಲ್ಲಿ ನಕ್ಷೆ ತೆಗೆದು ಅಳೆದೆ. ಬಾವಿಯಿಂದ ನಮ್ಮ ಬದುವಿಗೆ 162 ಮೀಟರ್. ಅತ್ತೆ ನಂಬಲಿಲ್ಲ. ಮನೆಗೆ ಬಂದವರೇ ಅಳೆಯಲು ಅಟ್ಟದಿಂದ ಹಗ್ಗ ಇಳಿಸಿದ್ದಾರೆ. ಬರೆಯುತ್ತಿರುವಾಗಲೇ ಬಾಗಿಲಲ್ಲಿ ನಿಂತು ಒಂದು ತುದಿ ನನ್ನ ಮಡಿಲಿಗೆ ಎಸೆದರು. ಹೊಲಕ್ಕೆ ಹೋಗಬೇಕಂತೆ, ಈಗಲೇ, ಹಗ್ಗ ಜಗ್ಗುತ್ತಿದ್ದಾ—